ಆಂಟೆನಾದ ತಂತಿಗೆ ಅಂಟುವ ಗದ್ದಲ

೨೦೧೮ನೆಯ ಇಸವಿಯ ಆಗಸ್ಟ್ ತಿಂಗಳ ನಡುವಿನ ದಿನಗಳು. ಘಟ್ಟದ ಮೇಲೆ ಕೊಡಗಿನಲ್ಲಿ ಗುಡ್ಡಗಳು ಜರಿದು ದಾರಿಗಳು ಮುಚ್ಚಿಹೋಗಿದ್ದುವು. ಘಟ್ಟದ ಕೆಳಗೆ ಕಾಸರಗೋಡು ಸೀಮೆಯ ನಮ್ಮ ಮನೆಯ ಚಾವಡಿಯಲ್ಲಿ, ಹೊತ್ತು ಮುಳುಗುವ ವೇಳೆಗೆ, ನಾವು ಹವ್ಯಾಸಿ ರೇಡಿಯೊ ಯಂತ್ರದ ಮುಂದೆ ಕುಳಿತಿದ್ದೆವು. ನೆರೆಮನೆಯ ಅಕ್ಕನವರು ಹೊಸ್ತಿಲ ಹೊರಗೆ ನಿಂತಿದ್ದರು. ಅವರ ಮಗಳನ್ನು ಕೊಟ್ಟದ್ದು ಘಟ್ಟದ ಮೇಲಿನ ಒಂದು ಹಳ್ಳಿಗೆ. ಎರಡು ದಿನಗಳಿಂದ ಅವಳ ಮೊಬೈಲಿಗೆ ಕರೆ ಹೋಗುತ್ತಿರಲಿಲ್ಲ. ಏಳು ಮೆಗಾಹರ್ಟ್ಸ್ ಪಟ್ಟಿಯಲ್ಲಿ ಆ ಕಡೆಯ ಒಬ್ಬ ಹವ್ಯಾಸಿ ಮಿತ್ರರು, ಪರಿಹಾರ ಕೇಂದ್ರವೊಂದರಲ್ಲಿ ಕ್ಷೇಮವಾಗಿರುವವರ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಧ್ವನಿ ಇತ್ತು, ಮಾತು ಇರಲಿಲ್ಲ. ಜೋಗಿನ ನೀರು ಧುಮುಕುವಂತಹ ಒಂದು ಮೊರೆತ ಆ ಧ್ವನಿಯನ್ನು ನುಂಗುತ್ತಿತ್ತು. "ಮತ್ತೊಮ್ಮೆ ಹೇಳಿ" ಎಂದು ನಾವು ಮೂರು ಸಾರಿ ಕೇಳಿದೆವು. ಅವರ ಬ್ಯಾಟರಿ ಮುಗಿಯುತ್ತ ಬಂದಿತ್ತು.

ಅಷ್ಟರಲ್ಲಿ ಕರಂಟು ಹೋಯಿತು.

ನಮ್ಮ ಯಂತ್ರವೂ ಬ್ಯಾಟರಿಯ ಮೇಲೆ ನಡೆಯುತ್ತಿದ್ದುದರಿಂದ ಅದು ನಿಲ್ಲಲಿಲ್ಲ. ನಿಂತದ್ದು ಆ ಮೊರೆತ. ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದ ಹಾಗೆ ಅದು ಒಮ್ಮೆಲೇ ಅಡಗಿತು. ಕತ್ತಲಾದ ಚಾವಡಿಯಲ್ಲಿ ಮಿತ್ರರ ಧ್ವನಿ ಎದುರಿಗೆ ಕುಳಿತು ಮಾತನಾಡಿದಷ್ಟು ನಿಚ್ಚಳವಾಗಿ ಕೇಳಿಸಿತು. ಅವರು ಓದಿದ ಆರನೆಯ ಹೆಸರು ಅಕ್ಕನವರ ಮಗಳದು.

ಅಲ್ಲಿಯವರೆಗೆ ನಾವು, ಮಳೆಗಾಲದಲ್ಲಿ ಆಕಾಶವೇ ಹೀಗೆ ಎಂದು ದೂರನ್ನೆಲ್ಲ ಆಕಾಶದ ಮೇಲೆ ಹೊರಿಸಿ ಸುಮ್ಮನಿದ್ದೆವು. ತಪ್ಪು ಆಕಾಶದ್ದಾಗಿದ್ದರೆ ನಮ್ಮೂರ ಕರಂಟು ಹೋದಾಗ ಅದು ನಿಲ್ಲುತ್ತಿತ್ತೆ? ಗದ್ದಲ ನಮ್ಮ ಮನೆಯದು, ನಮ್ಮ ನೆರೆಕರೆಯದು. ಅದನ್ನು ಹುಡುಕಿ ಕಡಿಮೆ ಮಾಡಿದ ಬಗೆಯನ್ನು ನಮ್ಮ ಶಾಲೆಯ ಮಕ್ಕಳಿಗೂ ಅವರ ಹೆತ್ತವರಿಗೂ ತಿಳಿಸುವುದಕ್ಕಾಗಿ ಈ ಲೇಖನ. ಭಾರತದಲ್ಲಿ ೧೨ ವರ್ಷ ತುಂಬಿದವರು ಕೇಂದ್ರ ಸರಕಾರದ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದುದರಿಂದ ಈ ವಿಷಯವು ಮಕ್ಕಳ ಕೈಗೆ ನಿಲುಕದ್ದೇನೂ ಅಲ್ಲ.

ಮೊದಲು ಈ ಪಟ್ಟಿಗಳ ಸ್ವಭಾವವನ್ನು ಅರಿಯಬೇಕು. ಹವ್ಯಾಸಿಗಳಿಗೆ ಬಿಟ್ಟಿರುವ ಆವರ್ತಗಳಲ್ಲಿ ೧.೮, ೩.೫ ಮತ್ತು ೭ ಮೆಗಾಹರ್ಟ್ಸುಗಳ ಸುತ್ತಲಿನವನ್ನು ಕೆಳಪಟ್ಟಿಗಳೆನ್ನುವರು. ೩೦೦ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. ಹಾಗಾಗಿ ಇವಕ್ಕೆ ೧೬೦, ೮೦ ಮತ್ತು ೪೦ ಮೀಟರಿನ ಪಟ್ಟಿಗಳೆಂಬ ಹೆಸರು. ಇಷ್ಟು ಉದ್ದದ ತರಂಗಗಳು ನೇರವಾಗಿ ಮೇಲಕ್ಕೆ ಹೋದರೂ ಅಯಾನುಮಂಡಲದಿಂದ ಮರಳಿ ನೆಲಕ್ಕೆ ಬರಬಲ್ಲವು. ಘಟ್ಟ ಎಷ್ಟೇ ಎತ್ತರವಿರಲಿ, ಈ ತರಂಗಗಳು ಅದರ ತಲೆಯ ಮೇಲಿನಿಂದ ಹಾರಿ ಆಚೆ ಇಳಿಯುತ್ತವೆ. ಕಾಸರಗೋಡಿನಿಂದ ಬೆಂಗಳೂರಿಗೆ ಕಾಗೆ ಹಾರುವ ದಾರಿ ಮುನ್ನೂರು ಕಿಲೊಮೀಟರಿಗೆ ಕಡಿಮೆ. ಅಷ್ಟು ದೂರಕ್ಕೆ ಹಗಲಿನಲ್ಲಿ ೪೦ ಮೀಟರ್, ರಾತ್ರಿಯಲ್ಲಿ ೮೦ ಮೀಟರ್ ಬಹಳ ಅನುಕೂಲ. ನಡುವೆ ಗೋಪುರಗಳೂ ಬೇಡ, ತಂತಿಯ ಸಾಲೂ ಬೇಡ. ನೆರೆ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಆದರೆ ಗದ್ದಲವೂ ಈ ಪಟ್ಟಿಗಳಲ್ಲಿಯೇ ಹೆಚ್ಚು. ಒಂದು ಬಗೆಯ ಗದ್ದಲ ನಿಸರ್ಗದ್ದು. ಭೂಮಂಡಲದಲ್ಲಿ ಒಟ್ಟಾರೆ ಒಂದು ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಮಿಂಚುಗಳು ಹೊಳೆಯುತ್ತವೆಂದು ಉಪಗ್ರಹಗಳಿಂದ ನೋಡಿ ಲೆಕ್ಕ ಹಾಕಿದ್ದಾರೆ. ಒಂದೊಂದು ಮಿಂಚೂ ಒಂದು ದೊಡ್ಡ ಪ್ರೇಷಕ. ಹಗಲಿನಲ್ಲಿ ಅಯಾನುಮಂಡಲದ ಕೆಳಗಿನ ಪದರ ದೂರದ ಸದ್ದನ್ನು ಹೀರುತ್ತದೆ. ಇರುಳಾದರೆ ಆ ಪದರ ಕರಗಿ, ಎಲ್ಲಿಯೋ ಸಮುದ್ರದಾಚೆಯ ಗುಡುಗು ಸಹ ನಮ್ಮ ತಂತಿಯಲ್ಲಿ ಚಟಚಟ ಎನ್ನುತ್ತದೆ. ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರರು ದೂರವಾಣಿಗೆ ತೊಂದರೆ ಕೊಡುವ ಇಂತಹ ಸದ್ದುಗಳನ್ನು ವಿಂಗಡಿಸಲು ತಿರುಗುವ ಆಂಟೆನಾವೊಂದನ್ನು ಕಟ್ಟಿದರು. ಹತ್ತಿರದ ಗುಡುಗು, ದೂರದ ಗುಡುಗು ಇವೆರಡನ್ನೂ ಬೇರ್ಪಡಿಸಿದ ಮೇಲೆ ಮೂರನೆಯದೊಂದು ಸಣ್ಣ ಸೀತ್ಕಾರ ಉಳಿಯಿತು. ಅದು ಆಕಾಶಗಂಗೆಯಿಂದ ಬರುತ್ತಿದೆಯೆಂದು ೧೯೩೩ರಲ್ಲಿ ಅವರು ಪ್ರಕಟಿಸಿದರು. ಗದ್ದಲವನ್ನು ಹುಡುಕಹೊರಟವರಿಗೆ ರೇಡಿಯೊ ಖಗೋಳಶಾಸ್ತ್ರವೇ ದೊರೆಯಿತು! ಈ ನಿಸರ್ಗದ ಪಾಲನ್ನು ನಾವು ನಿಲ್ಲಿಸಲಾರೆವು. ನಿಲ್ಲಿಸಬಹುದಾದದ್ದು ಮನುಷ್ಯರು ಮಾಡಿದ್ದು.

ಇಲ್ಲಿ ಹೊಸಬರು ಮಾಡುವ ಒಂದು ತಪ್ಪನ್ನು ಹೇಳಬೇಕು. ಮಾತು ಕೇಳಿಸದಿದ್ದರೆ ಅವರು ಆಂಟೆನಾವನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ, ಇಲ್ಲವೆ ಸದ್ದನ್ನು ಹಿಗ್ಗಿಸುವ ಆಂಪ್ಲಿಫಯರನ್ನು ಸೇರಿಸುತ್ತಾರೆ. ಕೆಳಪಟ್ಟಿಗಳಲ್ಲಿ ಇದರಿಂದ ಪ್ರಯೋಜನವಿಲ್ಲ. ಮಾತೂ ಗದ್ದಲವೂ ಎರಡೂ ಸಮನಾಗಿ ಬೆಳೆಯುತ್ತವೆ. ಸಂತೆಯ ನಡುವೆ ನಿಂತವನು ಕಿವಿಗೆ ಕಹಳೆ ಹಿಡಿದುಕೊಂಡರೆ ಸಂತೆಯೇ ಹೆಚ್ಚು ಕೇಳಿಸೀತೇ ಹೊರತು ಗೆಳೆಯನ ಪಿಸುಮಾತಲ್ಲ. ನೋಡಬೇಕಾದದ್ದು ಮಾತಿಗೂ ಗದ್ದಲಕ್ಕೂ ಇರುವ ಪ್ರಮಾಣವನ್ನು.

ಇದನ್ನು ನೂರು ವರ್ಷಗಳ ಹಿಂದೆಯೇ ಒಬ್ಬರು ಚೆನ್ನಾಗಿ ತೋರಿಸಿಕೊಟ್ಟರು. ೧೯೨೧ರ ಡಿಸೆಂಬರಿನಲ್ಲಿ, ಅಮೆರಿಕದ ಹವ್ಯಾಸಿಗಳ ಸಣ್ಣ ಯಂತ್ರಗಳು ಅಟ್ಲಾಂಟಿಕ್ ಸಾಗರದಾಚೆ ಕೇಳಿಸುವುವೆ ಎಂದು ಪರೀಕ್ಷಿಸಲು ಪಾಲ್ ಗಾಡ್ಲಿ ಎಂಬವರು ಸ್ಕಾಟ್ಲೆಂಡಿನ ಆರ್ಡ್ರೋಸನ್ ಎಂಬ ಕಡಲ ಊರಿಗೆ ಹೋದರು. ಮಳೆಗಾಳಿಯ ನಡುವೆ ಡೇರೆ ಹಾಕಿ, ಸುಮಾರು ೧೩೦೦ ಅಡಿ ಉದ್ದದ ಒಂದೇ ತಂತಿಯನ್ನು ಗಿಡ್ಡ ಕಂಬಗಳ ಮೇಲೆ ಅಮೆರಿಕದ ದಿಕ್ಕಿಗೆ ಎಳೆದರು. ಹೆರಾಲ್ಡ್ ಬೆವರೇಜ್ ಎಂಬವರು ರೂಪಿಸಿದ ಆ ತಂತಿ ಎತ್ತರದ್ದಲ್ಲ, ಬಲವಾದ ಸಂಕೇತವನ್ನು ಕೊಡುವಂಥದ್ದೂ ಅಲ್ಲ. ಆದರೆ ಅದು ಒಂದೇ ದಿಕ್ಕಿನ ಮಾತನ್ನು ಕೇಳುತ್ತ ಉಳಿದ ದಿಕ್ಕುಗಳ ಗದ್ದಲಕ್ಕೆ ಕಿವುಡಾಗಿರುತ್ತದೆ. ಮೂವತ್ತರಷ್ಟು ಅಮೆರಿಕದ ಹವ್ಯಾಸಿ ಕೇಂದ್ರಗಳು ಆ ಡೇರೆಯಲ್ಲಿ ಕೇಳಿಸಿದುವು. ಅಷ್ಟು ಉದ್ದದ ತಂತಿಗೆ ನಮ್ಮ ತೋಟಗಳಲ್ಲಿ ಜಾಗವಿಲ್ಲ, ಸರಿ. ಆದರೆ ಅದರ ಗುಟ್ಟು ಚಿಕ್ಕ ಹಿತ್ತಲಿಗೂ ಹೊಂದುತ್ತದೆ.

ಈಗ ನಮ್ಮ ಹುಡುಕಾಟದ ಕಥೆ. ಆ ಕಾಲದಲ್ಲಿ ನಮ್ಮ ಆಂಟೆನಾ ಸಾಮಾನ್ಯವಾದ ದ್ವಿಧ್ರುವವಾಗಿತ್ತು: ಹತ್ತು ಹತ್ತು ಮೀಟರಿನ ಎರಡು ತಂತಿಗಳು, ನಡುವಿನಿಂದ ಇಳಿಯುವ ಕೋಯಾಕ್ಸಿಯಲ್ ಕೇಬಲ್. ಮನೆಯ ಮಾಡಿಗೂ ಅಂಗಳದಾಚೆಯ ತೆಂಗಿನ ಮರಕ್ಕೂ ಕಟ್ಟಿದ್ದೆವು. ಗ್ರಾಹಕದಲ್ಲಿ ಎಸ್ ಮಾಪಕವೆಂಬ ಮುಳ್ಳು ಇರುತ್ತದೆ. ಅದರ ಒಂಬತ್ತನೆಯ ಗೆರೆಯೆಂದರೆ ೫೦ ಮೈಕ್ರೊವೋಲ್ಟ್, ಅಲ್ಲಿಂದ ಕೆಳಗೆ ಒಂದೊಂದು ಗೆರೆಗೂ ವೋಲ್ಟೇಜು ಅರ್ಧರ್ಧವಾಗುತ್ತದೆ. ಯಾರೂ ಮಾತನಾಡದಿರುವಾಗಲೂ ನಮ್ಮ ಮುಳ್ಳು ಒಂಬತ್ತರಲ್ಲಿ ನಿಂತಿರುತ್ತಿತ್ತು. ಕರಂಟು ಹೋದ ಆ ಸಂಜೆ ಅದು ನಾಲ್ಕಕ್ಕೆ ಇಳಿದಿತ್ತು. ಅಂದರೆ ಐದು ಸಾರಿ ಅರ್ಧ. ಮೂವತ್ತೆರಡರಲ್ಲಿ ಒಂದು ಪಾಲು.

ಮೊದಲ ಪರೀಕ್ಷೆ ಯಾರೂ ಮಾಡಬಹುದಾದದ್ದು. ಗ್ರಾಹಕವನ್ನು ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ನಡೆಸಿ, ಮನೆಯ ಮೇನ್ ಸ್ವಿಚ್ಚನ್ನು ಆರಿಸಬೇಕು. ಇನ್ವರ್ಟರ್ ಇದ್ದರೆ ಅದನ್ನೂ ಪೂರ್ತಿಯಾಗಿ ನಿಲ್ಲಿಸಬೇಕು. ಊರಿಗೆಲ್ಲ ಕರಂಟು ಇರುವಾಗ ನಾವು ಹೀಗೆ ಮಾಡಿದೆವು. ಮುಳ್ಳು ಒಂಬತ್ತರಿಂದ ಆರಕ್ಕೆ ಇಳಿಯಿತು. ಇದರಿಂದ ಎರಡು ಸಂಗತಿಗಳು ಗೊತ್ತಾದುವು. ದೊಡ್ಡ ಕಳ್ಳ ಮನೆಯೊಳಗೇ ಇದ್ದಾನೆ. ಆರರಿಂದ ನಾಲ್ಕರವರೆಗಿನ ಕಳ್ಳರು ಹೊರಗಿದ್ದಾರೆ. ತರುವಾಯ ಮೇನ್ ಹಾಕಿ, ಒಂದೊಂದೇ ಸ್ವಿಚ್ಚನ್ನು ಒತ್ತುತ್ತ, ಒಬ್ಬ ಹುಡುಗನನ್ನು ಮಾಪಕದ ಮುಂದೆ ಕೂರಿಸಿ ಬರೆಸಿದೆವು. ಹುಡುಗರು ಇಂತಹ ಕೆಲಸದಲ್ಲಿ ದೊಡ್ಡವರಿಗಿಂತ ನಿಷ್ಠುರರು. "ಮಾಷ್ಟ್ರೇ, ದೇವರ ಕೋಣೆಯ ಬಲ್ಬೇ ಹೆಚ್ಚು ಗಲಾಟೆ ಮಾಡುವುದು" ಎಂದು ಅವನು ಸಾರಿದಾಗ ಮನೆಯಾಕೆಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಬಲ್ಬು ರೇಡಿಯೊಕ್ಕೆ ತೊಂದರೆ ಕೊಡುವುದು ಹೇಗೆ? ಹಳೆಯ ಗಾಜಿನ ಬುರುಡೆಯೊಳಗೆ ಕಾಯುವ ತಂತಿಯೊಂದೇ ಇತ್ತು, ಅದು ಮೌನಿ. ಇಂದಿನ ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಟೀವಿಯ ಪೆಟ್ಟಿಗೆ, ಇನ್ವರ್ಟರ್ ಇವುಗಳೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಾರಿ ಕತ್ತರಿಸಿ ಜೋಡಿಸುವ ಸಣ್ಣ ಮಂಡಲವಿರುತ್ತದೆ. ಹಾಗೆ ಕತ್ತರಿಸಿದ್ದರಿಂದ ಯಂತ್ರ ಹಗುರವೂ ಅಗ್ಗವೂ ಆಗುತ್ತದೆ, ಕರಂಟೂ ಉಳಿಯುತ್ತದೆ. ಅದನ್ನು ನಾವು ದೂರುವುದಿಲ್ಲ. ಆದರೆ ಒಂದು ಚಾರ್ಜರು ೬೫ ಕಿಲೊಹರ್ಟ್ಸಿನಲ್ಲಿ ಕತ್ತರಿಸುತ್ತದೆಂದು ಇಟ್ಟುಕೊಳ್ಳಿ. ಅದರ ಎರಡು ಪಟ್ಟು, ಮೂರು ಪಟ್ಟು, ಹೀಗೆ ನೂರನೆಯ ಪಟ್ಟಿನವರೆಗೂ ಅದರಾಚೆಗೂ ಪ್ರತಿಧ್ವನಿಗಳು ಹುಟ್ಟುತ್ತವೆ. ೧೦೮ನೆಯದು ೭೦೨೦ರಲ್ಲಿ, ೧೦೯ನೆಯದು ೭೦೮೫ರಲ್ಲಿ, ೧೧೦ನೆಯದು ೭೧೫೦ರಲ್ಲಿ ಬಂದು ಕೂರುತ್ತದೆ. ನಮ್ಮ ದೇಶದಲ್ಲಿ ೪೦ ಮೀಟರಿನ ಪಟ್ಟಿ ೭೦೦೦ದಿಂದ ೭೨೦೦ ಕಿಲೊಹರ್ಟ್ಸಿನವರೆಗೆ. ಒಂದು ಬಡ ಚಾರ್ಜರು ಅದರಲ್ಲಿ ಮೂರು ಪೀಠಗಳನ್ನು ಹಿಡಿಯಿತಲ್ಲವೆ? ಒಳ್ಳೆಯ ತಯಾರಕರು ಈ ಕಸ ಹೊರಬರದಂತೆ ಒಳಗೆ ಸೋಸುವ ಸುರುಳಿ, ಕಂಡೆನ್ಸರುಗಳನ್ನು ಇಡುತ್ತಾರೆ. ಬೀದಿಬದಿಯ ಅಗ್ಗದ ಮಾಲಿನಲ್ಲಿ ಅವುಗಳ ಜಾಗ ಖಾಲಿ ಇರುವುದನ್ನು ನಾವೇ ಬಿಚ್ಚಿ ಕಂಡಿದ್ದೇವೆ.

ದೇವರ ಕೋಣೆಯ ಬಲ್ಬನ್ನೂ ಎರಡು ಚಾರ್ಜರುಗಳನ್ನೂ ಬದಲಾಯಿಸಿದೆವು. ಇನ್ವರ್ಟರನ್ನು ಬದಲಾಯಿಸುವಷ್ಟು ಹಣವಿರಲಿಲ್ಲ. ಮಕ್ಕಳ ಪಾಠಕ್ಕೆ ಬೇಕಾದ ರೂಟರನ್ನು ಆರಿಸುವುದು ನ್ಯಾಯವೂ ಅಲ್ಲ. ಇಂತಹವುಗಳೊಡನೆ ಬಾಳಬೇಕಾದರೆ ಗದ್ದಲ ಆಂಟೆನಾಕ್ಕೆ ಬರುವ ದಾರಿಯನ್ನು ತಡೆಯಬೇಕು.

ಆ ದಾರಿ ಯಾವುದು? ಬಹಳ ಮಂದಿ ಗಾಳಿಯೆಂದು ತಿಳಿಯುತ್ತಾರೆ. ನಿಜವಾಗಿ ಹೆಚ್ಚಿನ ಪಾಲು ಕೇಬಲಿನ ಹೊರಮೈಯ ಮೇಲೆ ಹರಿದುಬರುತ್ತದೆ. ಕೋಯಾಕ್ಸಿಯಲ್ ಕೇಬಲಿನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ಹೆಣೆದ ತಾಮ್ರದ ಬಲೆ. ಮಾತು ನಡುತಂತಿಯ ಮತ್ತು ಬಲೆಯ ಒಳಮೈಯ ನಡುವೆ ಸಾಗುತ್ತದೆ. ಬಲೆಯ ಹೊರಮೈ ಮಾತ್ರ ಬೇರೆಯೇ ಒಂದು ತಂತಿಯಂತೆ ವರ್ತಿಸಿ, ಮನೆಯ ವೈರಿಂಗಿನಲ್ಲಿ ಅಲೆಯುವ ಕಸವನ್ನೆಲ್ಲ ಎತ್ತಿಕೊಂಡು ಆಂಟೆನಾದ ನಡುವಿಗೆ ಒಯ್ದು, ಅಲ್ಲಿಂದ ಒಳಕ್ಕೆ ಸುರಿಯುತ್ತದೆ. ಇದಕ್ಕೆ ಮದ್ದು ಚೋಕ್. ಸುಮಾರು ಎರಡೂವರೆ ಅಂಗುಲ ವ್ಯಾಸದ ಫೆರೈಟ್ ಬಳೆಯೊಂದನ್ನು ತಂದು, ತೆಳುವಾದ ಕೋಯಾಕ್ಸಿಯಲ್ ಕೇಬಲನ್ನೇ ಹನ್ನೆರಡು ಸುತ್ತು ಅದರೊಳಗಿನಿಂದ ಹಾಯಿಸಬೇಕು. ಕೆಳಪಟ್ಟಿಗಳಿಗೆ ೩೧ ಎಂಬ ಸಂಖ್ಯೆಯ ಮಿಶ್ರಣದ ಬಳೆ ಒಳ್ಳೆಯದು, ೪೩ರದೂ ನಡೆಯುತ್ತದೆ. ಒಳಗೆ ಹೋಗುವ ಮಾತಿಗೆ ಈ ಬಳೆ ಇದೆಯೆಂಬುದೇ ತಿಳಿಯದು, ಏಕೆಂದರೆ ನಡುತಂತಿಯ ಪ್ರವಾಹವೂ ಬಲೆಯೊಳಗಿನ ಪ್ರವಾಹವೂ ಒಂದಕ್ಕೊಂದು ಇದಿರಾಗಿ ಅವುಗಳ ಕಾಂತಶಕ್ತಿ ಬಳೆಯಲ್ಲಿ ಸೊನ್ನೆಯಾಗುತ್ತದೆ. ಹೊರಮೈಯ ಪ್ರವಾಹಕ್ಕೆ ಜೊತೆಗಾರನಿಲ್ಲ. ಅದನ್ನು ಬಳೆ ತಡೆದು ನಿಲ್ಲಿಸುತ್ತದೆ. ಆಂಟೆನಾದ ನಡುವಿಗೆ ಒಂದು, ಕೇಬಲು ಮನೆಯನ್ನು ಹೊಗುವಲ್ಲಿ ಇನ್ನೊಂದು ಹೀಗೆ ಎರಡು ಚೋಕುಗಳನ್ನು ಹಾಕಿದೆವು. ಖರ್ಚಿಗೆ ಹೋಲಿಸಿದರೆ ಇಡೀ ಪ್ರಯತ್ನದಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಸಣ್ಣ ಬಳೆಗಳು ಉಳಿದರೆ ಇನ್ವರ್ಟರಿನ, ರೂಟರಿನ ತಂತಿಗಳನ್ನೂ ಹಾಗೆಯೇ ಸುತ್ತಬಹುದು.

ಅದೇ ವಾರ ಆಂಟೆನಾವನ್ನೂ ಮನೆಯ ಮಾಡಿನಿಂದ ಬಿಡಿಸಿ ತೋಟದೊಳಕ್ಕೆ, ಇಪ್ಪತ್ತೈದು ಮೀಟರು ದೂರಕ್ಕೆ ಒಯ್ದೆವು. ಮನೆಯ ಗದ್ದಲ ಹತ್ತಿರದಲ್ಲಿ ಬಹು ಬಲವಾಗಿದ್ದು ದೂರ ಸರಿದಂತೆ ಬೇಗ ಕುಂದುತ್ತದೆ. ತಂತಿಯನ್ನು ಅಡ್ಡಲಾಗಿಯೇ ಉಳಿಸಿದೆವು. ನೆಟ್ಟಗೆ ನಿಲ್ಲಿಸಿದ ಆಂಟೆನಾ ನೆಲದ ಮೇಲೆ ಹರಿದುಬರುವ ನೆರೆಕರೆಯ ಗದ್ದಲವನ್ನು ಹೆಚ್ಚು ಹಿಡಿಯುವುದುಂಟು. ಇಲ್ಲಿ ಹೆತ್ತವರಿಗೆ ಒಂದು ಮಾತು. ಆಂಟೆನಾದ ತಂತಿಯನ್ನು ವಿದ್ಯುತ್ ಲೈನಿನ ಮೇಲಿಂದಾಗಲಿ ಕೆಳಗಿಂದಾಗಲಿ ಎಂದೂ ಎಳೆಯಕೂಡದು. ಹರಿದುಬಿದ್ದರೂ ಲೈನಿಗೆ ತಾಗದಷ್ಟು ದೂರವಿರಬೇಕು. ತಂತಿಯನ್ನು ಮರಕ್ಕೇರಿಸಲು ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿಯನ್ನು ಮಕ್ಕಳ ಕೈಗೆ ಕೊಡಲೇಬಾರದು. ಗುಡುಗಿನ ಸೂಚನೆ ಕಂಡೊಡನೆ ಕೇಬಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡತಕ್ಕದ್ದು. ತುಲಾಮಾಸದ ಸಂಜೆಗಳಲ್ಲಿ ನಾವು ಮಧ್ಯಾಹ್ನವೇ ಕಳಚಿಬಿಡುತ್ತೇವೆ.

ಇನ್ನು ಹೊರಗಿನ ಕಳ್ಳರು. ಇವರನ್ನು ಹಿಡಿಯಲು ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಸಾಕು. ಅದರೊಳಗೆ ಒಂದು ಫೆರೈಟ್ ಕಡ್ಡಿಯಿದೆ. ಮಧ್ಯಮ ತರಂಗದಲ್ಲಿ ಯಾವ ನಿಲಯವೂ ಇಲ್ಲದ ಕಡೆ ಮುಳ್ಳನ್ನಿಟ್ಟು ಪೆಟ್ಟಿಗೆಯನ್ನು ತಿರುಗಿಸಿದರೆ, ಕಡ್ಡಿಯ ತುದಿ ಗದ್ದಲದ ಮೂಲದ ಕಡೆಗೆ ನೆಟ್ಟಾಗ ಸದ್ದು ಇಂಗುತ್ತದೆ. ಎರಡು ಮೂರು ಕಡೆ ನಿಂತು ನೋಡಿ ಗೆರೆ ಎಳೆದರೆ ಸ್ಥಳ ತಿಳಿಯುತ್ತದೆ. ಸದ್ದಿನ ಬಗೆಯೂ ಗುರುತು ಹೇಳುತ್ತದೆ. ಸೆಕೆಂಡಿಗೆ ನೂರು ಸಾರಿ ಮಿಡಿಯುವ ಒರಟು ಗುಂಯ್‌ಗಾರ ಬಿಸಿಲಿನಲ್ಲಿ ಹೆಚ್ಚಾಗಿ, ಮಳೆ ಬಂದೊಡನೆ ನಿಂತರೆ, ಅದು ಬಹುಮಟ್ಟಿಗೆ ವಿದ್ಯುತ್ ಕಂಬದಲ್ಲಿ ಸಡಿಲವಾದ ಲೋಹದ ತುಂಡುಗಳ ನಡುವೆ ಹಾರುವ ಕಿಡಿ. ಒದ್ದೆಯಾದಾಗ ಆ ಸಂದು ಮುಚ್ಚಿಹೋಗುತ್ತದೆ. ಅಂತಹ ಕಂಬ ಕಂಡರೆ ಅದರ ಸಂಖ್ಯೆಯನ್ನು ಬರೆದು ವಿದ್ಯುತ್ ಕಚೇರಿಗೆ ಕೊಡಬೇಕಲ್ಲದೆ ಕಂಬವನ್ನು ಬಡಿಯುವುದು, ಅಲುಗಿಸುವುದು ಸಲ್ಲದು.

ನಮ್ಮಲ್ಲಿ ಕೇಳುತ್ತಿದ್ದುದು ಬೇರೆ. ಟಿಕ್, ಟಿಕ್ ಎಂದು ಸೆಕೆಂಡಿಗೆ ಒಂದರಂತೆ, ಹಗಲೂ ಇರುಳೂ ಬಿಡದೆ. ಟ್ರಾನ್ಸಿಸ್ಟರ್ ಹಿಡಿದು ತೋಡು ದಾಟಿ ಹೋದರೆ ಅದು ಕಾಡುಹಂದಿಯ ಕಾಟಕ್ಕಾಗಿ ಕಟ್ಟಿದ ಸೌರಬೇಲಿಯಾಗಿತ್ತು. ತೋಟದ ಯಜಮಾನರು ನಕ್ಕರು. "ಅಲ್ಲ ಮಾಷ್ಟ್ರೇ, ನನ್ನ ಬೇಲಿ ನಿಮ್ಮ ರೇಡಿಯೊದಲ್ಲಿ ಮಾತನಾಡುತ್ತದೆಯೆ? ಬೇಲಿ ತೆಗೆಯಿರಿ ಎಂದು ಮಾತ್ರ ಹೇಳಬೇಡಿ." ನಾವು ಹಾಗೆ ಹೇಳಲಿಲ್ಲ. ಬೇಲಿ ಸರಿಯಿದ್ದರೆ ಸದ್ದು ಅಷ್ಟಾಗಿ ಬಾರದು. ಹುಲ್ಲು, ಬಳ್ಳಿ ತಾಗಿದಲ್ಲಿ ಅಥವಾ ಒಡೆದ ಇನ್ಸುಲೇಟರಿನಲ್ಲಿ ಪ್ರತಿ ಮಿಡಿತಕ್ಕೂ ಕಿಡಿ ಹಾರುವುದರಿಂದ ಸದ್ದು ಹುಟ್ಟುತ್ತದೆ. ಮಿಡಿತದ ಯಂತ್ರವನ್ನು ಅವರೇ ಆರಿಸಿದ ಬಳಿಕ, ಕತ್ತಿ ಹಿಡಿದು ಬೇಲಿಯುದ್ದಕ್ಕೂ ಹೋಗಿ ಬಳ್ಳಿಗಳನ್ನು ಸವರಿದೆವು, ಎರಡು ಇನ್ಸುಲೇಟರುಗಳನ್ನು ಬದಲಾಯಿಸಿದೆವು. ನಮಗೆ ಟಿಕ್‌ಟಿಕ್ ನಿಂತಿತು. ಬೇಲಿಯ ಪೆಟ್ಟು ಜೋರಾಗಿ ಹಂದಿಗಳೂ ದೂರವಾದುವೆಂದು ಅವರು ಸಂತೋಷಪಟ್ಟರು.

ಆದರೆ ಎಲ್ಲ ನೆರೆಯವರ ಯಂತ್ರವನ್ನೂ ನಾವು ತಿದ್ದಲಾರೆವಷ್ಟೆ. ಅಂತಹ ಕಡೆಗೆ ಉಳಿದಿರುವ ಉಪಾಯ, ಕೇಳುವುದಕ್ಕೆಂದೇ ಬೇರೆ ಸಣ್ಣ ಆಂಟೆನಾ. ಮರದ ಶಿಲುಬೆಯ ಮೇಲೆ ಒಂದು ಮೀಟರು ವ್ಯಾಸದ ತಾಮ್ರದ ತಂತಿಯ ಒಂದೇ ಸುತ್ತು. ಅದರ ಎರಡು ತುದಿಗಳಿಗೆ ಹಳೆಯ ರೇಡಿಯೊದ ಗ್ಯಾಂಗ್ ಕಂಡೆನ್ಸರ್. ೪೦ ಮೀಟರಿಗೆ ಸುಮಾರು ೧೩೦, ೮೦ ಮೀಟರಿಗೆ ಸುಮಾರು ೫೦೦ ಪಿಕೊಫ್ಯಾರಡಿನಲ್ಲಿ ಅದು ಹೊಂದಿಕೊಳ್ಳುತ್ತದೆ. ದೊಡ್ಡ ಸುತ್ತಿನೊಳಗೆ, ಅದರ ಐದರಲ್ಲೊಂದು ಪಾಲಿನ ಸಣ್ಣ ಸುತ್ತನ್ನಿಟ್ಟು ಅದರಿಂದ ಗ್ರಾಹಕಕ್ಕೆ ಕೇಬಲು. ಈ ಬಳೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಖ ಗದ್ದಲದ ಮೂಲದತ್ತ ಇರುವಂತೆ ತಿರುಗಿಸಿದರೆ ಆ ಗದ್ದಲ ಅಡಗುತ್ತದೆ. ನೆರೆಮನೆಯ ಗದ್ದಲ ನೆಲದ ಮಟ್ಟದಲ್ಲಿ ಬರುವುದು. ಘಟ್ಟದಾಚೆಯ ಮಾತು ಮೇಲಿನಿಂದ ಇಳಿಯುವುದು. ಆದುದರಿಂದ ಒಂದನ್ನು ಮರೆಮಾಡಿದರೂ ಇನ್ನೊಂದು ಉಳಿಯುತ್ತದೆ. ಮಾಪಕದ ಮುಳ್ಳು ಬಹಳ ಕೆಳಗಿಳಿದದ್ದನ್ನು ಕಂಡು ನಿರಾಶರಾಗಬೇಕಾಗಿಲ್ಲ, ಗ್ರಾಹಕದ ಧ್ವನಿಯನ್ನು ಏರಿಸಿದರಾಯಿತು. ಮಾತನಾಡುವಾಗ ಮಾತ್ರ ದೊಡ್ಡ ಆಂಟೆನಾಕ್ಕೆ ಬದಲಿಸಿ, ಬಳೆಯನ್ನು ಬೇರ್ಪಡಿಸುವುದನ್ನು ಮರೆಯಬಾರದು. ಮರೆತು ಒಂದು ಗ್ರಾಹಕದ ಒಳಮಂಡಲವನ್ನು ಸುಟ್ಟುಕೊಂಡವರು ನಾವು.

ಇಷ್ಟೆಲ್ಲ ಆಗಲು ಒಂದೂವರೆ ವರ್ಷ ಹಿಡಿಯಿತು. ಹಗಲಿನಲ್ಲಿ ನಮ್ಮ ಮುಳ್ಳು ಈಗ ನಾಲ್ಕು ಐದರ ನಡುವೆ ನಿಲ್ಲುತ್ತದೆ, ಕರಂಟು ಇರುವಾಗಲೇ. ಇರುಳಿನ ೮೦ ಮೀಟರಿನಲ್ಲಿ ದೂರದ ಗುಡುಗಿನ ಚಟಚಟ ಹಾಗೆಯೇ ಇದೆ. ನೆರೆಮನೆಯ ಅಕ್ಕನವರು ಹೊಸ ದೀಪವನ್ನೋ ಚಾರ್ಜರನ್ನೋ ಕೊಂಡರೆ, ಬಳಸುವ ಮೊದಲು ಒಮ್ಮೆ ನಮ್ಮ ಚಾವಡಿಗೆ ತಂದು, ಟ್ರಾನ್ಸಿಸ್ಟರಿನ ಪಕ್ಕದಲ್ಲಿ ಹಚ್ಚಿ ನೋಡಿಸಿಕೊಂಡು ಹೋಗುತ್ತಾರೆ.